‘ಏನೂ ಬೆಳೆದಿಲ್ಲ’ ಎಂಬ ರಿಪೋರ್ಟನ್ನು ಓದುವ ಬಗೆ

ಚಿ. ಅನಿರುದ್ಧನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ ಹಾಸ್ಟೆಲ್ ಹುಡುಗನ ವಿಷಯ ಮನಸ್ಸಿನಿಂದ ಹೋಗಿಲ್ಲ. ಹತ್ತು ದಿನಗಳಿಂದ ಬಿಡದ ಒಣಕೆಮ್ಮು, ಸಣ್ಣ ಜ್ವರ, ತಲೆನೋವು. ಹುಡುಗ ತಾನೇ ನಡೆದುಕೊಂಡು ಓಪಿಡಿಗೆ ಬಂದಿದ್ದಾನೆ, ಎಕ್ಸ್‌ರೇ ನೋಡಿದರೆ ಎರಡೂ ಶ್ವಾಸಕೋಶಗಳಲ್ಲಿ ಮಬ್ಬು ನೆರಳು. ನಾಲ್ಕು ದಿನ ಅಮಾಕ್ಸಿಸಿಲಿನ್ ಕೊಟ್ಟರೂ ಜ್ವರ ಇಳಿಯಲಿಲ್ಲ, ಕಫದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಕೊನೆಗೆ ಮೈಕೋಪ್ಲಾಸ್ಮಾ ಎಂಬ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ವಿರುದ್ಧದ ಐಜಿಎಂ ಆಂಟಿಬಾಡಿ ರಕ್ತದಲ್ಲಿ ಪಾಸಿಟಿವ್ ಬಂದಾಗ, ‘ಲ್ಯಾಬಿನವರು ಇದನ್ನು ಮೊದಲೇ ಹೇಳಬಹುದಿತ್ತಲ್ಲ ದೊಡ್ಡಮ್ಮ’ ಎಂದು ಸಿಡುಕಿದೆ. ಮೂವತ್ತು ವರ್ಷ ಆ ಲ್ಯಾಬಿನವರ ಪೈಕಿಯೇ ಆಗಿದ್ದವಳು ನಾನು. ಅದಕ್ಕೆ ಉತ್ತರ ಫೋನಿನಲ್ಲಿ ಮುಗಿಯುವಷ್ಟು ಚಿಕ್ಕದಲ್ಲವೆಂದು ಈ ಕಾಗದ ಬರೆಯುತ್ತಿದ್ದೇನೆ.

‘ಏನೂ ಬೆಳೆದಿಲ್ಲ’ ಎಂದು ನಾವು ಬರೆದುಕೊಟ್ಟರೆ, ನಾವು ಹಾಕಿದ ತಟ್ಟೆಗಳ ಮೇಲೆ, ನಾವು ಕಾದ ಎರಡು ದಿನಗಳೊಳಗೆ ಬೆಳೆದಿಲ್ಲ ಎಂದಷ್ಟೇ ಅರ್ಥ. ಆ ತಟ್ಟೆಗಳಲ್ಲಿರುವ ಬ್ಲಡ್ ಅಗಾರ್, ಮೆಕಾಂಕಿ ಅಗಾರ್‌ಗಳು ನ್ಯುಮೋಕಾಕಸ್, ಕ್ಲೆಬ್ಸಿಯೆಲ್ಲಾದಂಥ ಮಾಮೂಲಿ ಬ್ಯಾಕ್ಟೀರಿಯಾಗಳಿಗೆ ಹಾಸಿದ ಹಾಸಿಗೆಗಳು; ಮೈಕೋಪ್ಲಾಸ್ಮಾ ನ್ಯುಮೋನಿಯೇ ಅಲ್ಲಿಗೆ ಬರುವ ಅತಿಥಿಯೇ ಅಲ್ಲ. ಅದಕ್ಕೆ ಕೋಶಭಿತ್ತಿಯಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾ ಗುರುತಿಸಲು ಸ್ಲೈಡಿಗೆ ಹಚ್ಚುವ ಗ್ರಾಂ ಬಣ್ಣ ಅದಕ್ಕೆ ಹಿಡಿಯುವುದಿಲ್ಲ, ಭಿತ್ತಿಯನ್ನೇ ಗುರಿಯಾಗಿಸಿಕೊಂಡ ನಿನ್ನ ಅಮಾಕ್ಸಿಸಿಲಿನ್‌ಗೆ ಅಲ್ಲಿ ಕೆಡವುವುದಕ್ಕೆ ಏನೂ ಸಿಗುವುದಿಲ್ಲ. ಬೆಳೆಸಬೇಕೆಂದರೆ ಸ್ಟೆರಾಲ್ ಒದಗಿಸುವ ಬೇರೆ ಮಾಧ್ಯಮ ಬೇಕು, ಎರಡು ಮೂರು ವಾರ ಕಾಯುವ ತಾಳ್ಮೆಯೂ ಬೇಕು. ಅಷ್ಟರೊಳಗೆ ರೋಗಿ ಗುಣವಾಗಿ ಪರೀಕ್ಷೆ ಬರೆದು ಊರಿಗೂ ಹೋಗಿರುತ್ತಾನೆ. 1938ರಲ್ಲಿ ಫಿಲಡೆಲ್ಫಿಯಾದ ವೈದ್ಯ ಹೋಬಾರ್ಟ್ ರೀಮನ್ ಇಂಥ ರೋಗಿಗಳನ್ನು ಕಂಡು ‘ಅಟಿಪಿಕಲ್’, ಅಂದರೆ ಮಾಮೂಲಿನಂತಲ್ಲದ ನ್ಯುಮೋನಿಯಾ ಎಂಬ ಮಾತನ್ನು ಬಳಸಿದಾಗ, ಕಾರಣ ಯಾವುದೋ ವೈರಸ್ ಇರಬೇಕೆಂದೇ ಊಹಿಸಿದ್ದರು. 1944ರಲ್ಲಿ ಸಂಶೋಧಕ ಈಟನ್ ಆ ರೋಗಾಣುವನ್ನು ರೋಗಿಗಳ ಕಫದಿಂದ ಬೇರ್ಪಡಿಸಿದಾಗಲೂ, ಸೋಸುಕಗಳೊಳಗಿಂದ ನುಸುಳಿಕೊಂಡು ಹೋಗುವ ಅದನ್ನು ವೈರಸ್ ಎಂದೇ ಎಣಿಸಲಾಯಿತು. 1962ರಲ್ಲಿ ಚಾನಕ್, ಹೇಫ್ಲಿಕ್ ಮತ್ತು ಸಂಗಡಿಗರು ಜೀವಕೋಶಗಳಿಲ್ಲದ ಅಗಾರ್ ಮೇಲೆ ಬೆಳೆಸಿ ತೋರಿಸಿದ ಮೇಲಷ್ಟೇ ಅದು ಬ್ಯಾಕ್ಟೀರಿಯಾ ಎಂಬುದು ಇತ್ಯರ್ಥವಾಯಿತು. ಆ ಜಾಣರೇ ಅಷ್ಟು ವರ್ಷ ಕಾದಿರುವಾಗ, ಎರಡು ದಿನದ ಕಲ್ಚರನ್ನು ಬೈದು ಏನು ಬಂತು?

ಹಾಗೆಂದು ಲ್ಯಾಬಿನವರ ಪರ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬ ಹೆಣ್ಣುಮಗಳ ರಕ್ತದ ಸ್ಯಾಂಪಲನ್ನು ಕಣ ಎಣಿಸುವ ಕೌಂಟರ್ ಯಂತ್ರಕ್ಕೆ ಹಾಕಿದರೆ ಎಂಸಿಎಚ್‌ಸಿ (ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) ಇರಬಾರದಷ್ಟು ಹೆಚ್ಚು, ನಲವತ್ತರ ಮೇಲೆ ಬಂತು, ಕೆಂಪು ಕಣಗಳ ಎಣಿಕೆ ಹಿಮೋಗ್ಲೋಬಿನ್‌ಗೆ ತಾಳೆಯಾಗದಷ್ಟು ಕಡಿಮೆ. ‘ಹೆಪ್ಪುಗಟ್ಟಿದ ಸ್ಯಾಂಪಲ್, ಮತ್ತೆ ಕಳುಹಿಸಿ’ ಎಂದು ಎರಡು ಬಾರಿ ವಾಪಸ್ಸು ಮಾಡಿದೆ. ಮೂರನೆಯ ಬಾರಿ ಹೌಸ್ ಸರ್ಜನ್ ಹುಡುಗಿಗೆ ರಕ್ತ ತೆಗೆಯಲೂ ಬರುವುದಿಲ್ಲವೇ ಎಂದು ಗದರಿದೆ. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಮಾತಾಡದೆ ಆ ಟ್ಯೂಬನ್ನು ತೆಗೆದುಕೊಂಡು ಐಸ್ ನೀರಿನ ಬೀಕರಿನಲ್ಲಿ ಅದ್ದಿಟ್ಟರು, ಒಂದು ನಿಮಿಷ ಬಿಟ್ಟು ಓರೆ ಮಾಡಿ ಬೆಳಕಿಗೆ ಹಿಡಿದರು. ಗಾಜಿನ ಒಳಮೈ ಮೇಲೆ ರಕ್ತ ತೆಳ್ಳಗೆ ಜಾರುವ ಬದಲು ಒಡೆದ ಹಾಲಿನಂತೆ ಗರಣೆಗರಣೆಯಾಗಿ ಇಳಿಯಿತು. ಅದೇ ಟ್ಯೂಬನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ಸ್ವಲ್ಪ ಹೊತ್ತಿನ ಮೇಲೆ ತೋರಿಸಿದಾಗ ಗರಣೆ ಮಾಯವಾಗಿತ್ತು. ಅದು ಕೋಲ್ಡ್ ಅಗ್ಲುಟಿನಿನ್, ಅಂದರೆ ತಣ್ಣಗಾದಾಗ ಕಣಗಳನ್ನು ಅಂಟಿಸುವ ಆಂಟಿಬಾಡಿ. ಮೈಕೋಪ್ಲಾಸ್ಮಾ ಸೋಂಕಿನಲ್ಲಿ ಕೆಂಪು ಕಣಗಳ ‘ಐ’ ಆಂಟಿಜನ್ನಿನ ವಿರುದ್ಧ ಏಳುವ ಐಜಿಎಂ, ತಣ್ಣಗಾದಾಗ ಕಣಗಳನ್ನು ಅಂಟಿಸುತ್ತದೆ, ದೇಹದ ಉಷ್ಣತೆಗೆ ಬಂದಾಗ ಬಿಡುತ್ತದೆ. ನಾನು ಕೆಟ್ಟ ಸ್ಯಾಂಪಲ್ ಎಂದು ತಳ್ಳಿದ್ದರೊಳಗೇ ಉತ್ತರ ಕೂತಿತ್ತು. ಈಗ ಈ ಪರೀಕ್ಷೆಯನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ, ನೆಚ್ಚಲೂ ಬಾರದು. ಮೈಕೋಪ್ಲಾಸ್ಮಾ ಇರುವವರಲ್ಲಿ ಸುಮಾರು ಅರ್ಧ ಮಂದಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ, ಬೇರೆ ಕೆಲವು ಸೋಂಕುಗಳಲ್ಲೂ ಬರುತ್ತದೆ. ಆದರೂ ಕೌಂಟರಿನ ಅಂಕಿಗಳು ವಿಚಿತ್ರವಾಗಿದ್ದರೆ ಗದರುವ ಮೊದಲು ಟ್ಯೂಬನ್ನು ಬೆಚ್ಚಗೆ ಮಾಡಿ ನೋಡುವಂತೆ ಕೇಳು.

ಇನ್ನು ನಿನ್ನ ಐಜಿಎಂ. ಅದನ್ನು ಹಿಡಿದುಕೊಂಡು ನೀನು ಸಂಭ್ರಮಿಸಿದ ರೀತಿ ನನಗೆ ಹಿಡಿಸಲಿಲ್ಲ. ಜ್ವರ ಬಂದ ಮೊದಲ ವಾರದಲ್ಲಿ ಅದು ನೆಗೆಟಿವ್ ಇರಬಹುದು. ಒಮ್ಮೆ ಏರಿದ ಮೇಲೆ ತಿಂಗಳುಗಟ್ಟಲೆ ಇಳಿಯದೆಯೂ ಇರಬಹುದು. ಹಿಂದೊಮ್ಮೆ ಸೋಂಕು ತಗುಲಿದ್ದ ದೊಡ್ಡವರಲ್ಲಿ ಮರುಸೋಂಕಾದಾಗ ಏಳದೆಯೂ ಇರಬಹುದು. ಆದ್ದರಿಂದ ಒಂದೇ ಸೀರಮ್ಮಿನ ಒಂದೇ ಐಜಿಎಂ ಸುಳಿವು, ಸಾಕ್ಷಿಯಲ್ಲ. ರೋಗದ ಆರಂಭದಲ್ಲಿ ಒಂದು, ಎರಡು ವಾರಗಳಾದರೂ ಕಳೆದ ಮೇಲೆ ಇನ್ನೊಂದು ಸೀರಮ್ ತೆಗೆದು, ಟೈಟರ್ (ಆಂಟಿಬಾಡಿಯ ಮಟ್ಟ) ನಾಲ್ಕು ಪಟ್ಟು ಏರಿದ್ದರೆ ಆಗ ನಿಶ್ಚಿಂತೆಯಿಂದ ಬರೆಯಬಹುದು. ಚಿಕಿತ್ಸೆಗೆ ಈ ಉತ್ತರ ತಡವೆಂಬುದು ನಿಜ. ಬೇಗ ಬೇಕಾದರೆ ಗಂಟಲು ಅಥವಾ ಮೂಗಿನ ಹಿಂಭಾಗದ ಸ್ವಾಬಿನಿಂದ ಪಿಸಿಆರ್ ಮಾಡಿಸು, ಸಾಧ್ಯವಾದಷ್ಟೂ ಅಜಿತ್ರೋಮೈಸಿನ್ ಶುರುಮಾಡುವ ಮೊದಲೇ ಸ್ವಾಬ್ ತೆಗೆ. ಮರದ ಕಡ್ಡಿಯ ಹತ್ತಿ ಸ್ವಾಬ್ ಬೇಡ, ಅದು ಪಿಸಿಆರನ್ನು ಕೆಡಿಸಬಹುದು. ಡೇಕ್ರಾನ್ ಅಥವಾ ನೈಲಾನ್ ತುದಿಯದು ಒಳ್ಳೆಯದು.

ಅಟಿಪಿಕಲ್ ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಲೀಜನೆಲ್ಲಾದ ಮಾತೇ ಬೇರೆ. ಮೈಕೋಪ್ಲಾಸ್ಮಾ ರೋಗಿ ನಡೆದು ಬರುತ್ತಾನೆ, ಲೀಜನೆಲ್ಲಾ ರೋಗಿಯನ್ನು ಸ್ಟ್ರೆಚರಿನಲ್ಲಿ ತರುತ್ತಾರೆ: ತೀವ್ರ ಜ್ವರ, ಭೇದಿ, ಮಾತಿನಲ್ಲಿ ಗೊಂದಲ, ರಕ್ತದಲ್ಲಿ ಸೋಡಿಯಂ ಇಳಿದಿರುತ್ತದೆ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲೆವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ಮುಗಿದ ಬೆನ್ನಿಗೆ 221 ಜನ ಮಲಗಿ 34 ಜನ ಸತ್ತರು. ಅಟ್ಲಾಂಟಾದಲ್ಲಿರುವ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಲ್ಲಿ ಸಂಶೋಧಕ ಜೋಸೆಫ್ ಮ್ಯಾಕ್‌ಡೇಡ್ ಗಿನಿಯಿಲಿಗಳ ಅಂಗಾಂಶದ ಸ್ಲೈಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಆಗಲೇ ಕಂಡಿದ್ದರು, ಹೊರಗಿನಿಂದ ಸೇರಿದ ಕಲಬೆರಕೆ ಇರಬೇಕೆಂದು ಬಿಟ್ಟಿದ್ದರು. ಆ ವರ್ಷದ ಕೊನೆಯಲ್ಲಿ ಮನಸ್ಸು ತಡೆಯದೆ ಅವೇ ಸ್ಲೈಡುಗಳನ್ನು ಮತ್ತೆ ನೋಡಿದರು. 1977ರ ಜನವರಿಯಲ್ಲಿ ಕಾರಣ ಪ್ರಕಟವಾಯಿತು. ನನ್ನ ಕೆಟ್ಟ ಸ್ಯಾಂಪಲ್ಲಿನ ಕಥೆಯ ಪಕ್ಕದಲ್ಲಿ ಇದನ್ನು ಇಟ್ಟುಕೊಂಡು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ.

ಈ ಬ್ಯಾಕ್ಟೀರಿಯಾಕ್ಕೆ ಸಿಸ್ಟೀನ್, ಕಬ್ಬಿಣ, ಇದ್ದಿಲ ಪುಡಿ ಬೆರೆಸಿದ ಕಪ್ಪು ಅಗಾರ್ ಬೇಕು, ಮೂರರಿಂದ ಐದು ದಿನ ಕಾಯಬೇಕು. ಆದ್ದರಿಂದ ‘ಲೀಜನೆಲ್ಲಾ ಅನುಮಾನ’ ಎಂದು ಫಾರಮ್ಮಿನಲ್ಲಿ ನೀನು ಬರೆಯದಿದ್ದರೆ ಆ ತಟ್ಟೆಯನ್ನು ಯಾರೂ ಹಾಕುವುದಿಲ್ಲ. ಮೂತ್ರದ ಆಂಟಿಜನ್ ಪರೀಕ್ಷೆ ಬೇಗ ಉತ್ತರ ಕೊಡುತ್ತದೆ ನಿಜ, ಆದರೆ ಬಳಕೆಯಲ್ಲಿರುವ ಬಹುಪಾಲು ಕಿಟ್‌ಗಳು ಹಿಡಿಯುವುದು ಲೀಜನೆಲ್ಲಾ ನ್ಯುಮೋಫಿಲಾ ಎಂಬ ಪ್ರಭೇದದ ಒಂದನೆಯ ಸೀರೊಗುಂಪನ್ನು (ಅದರ ಒಂದು ಬಗೆಯನ್ನು) ಮಾತ್ರ. ಅದು ನೆಗೆಟಿವ್ ಬಂತೆಂದು ರೋಗವನ್ನೇ ಅಲ್ಲಗಳೆಯಬೇಡ. ಪಾಸಿಟಿವ್ ಬಂದರೆ ರೋಗಿ ಎಲ್ಲಿ ತಂಗಿದ್ದ, ಎಲ್ಲಿ ಸ್ನಾನ ಮಾಡಿದ್ದ, ಆ ಕಟ್ಟಡದ ಕೂಲಿಂಗ್ ಟವರ್ ಎಲ್ಲಿದೆ ಎಂದು ಕೇಳು. ಇದು ಬರುವುದು ನೀರಿನ ತುಂತುರಿನಿಂದ.

ಕೇಳುವ ಅಭ್ಯಾಸ ಇದೇ ಗುಂಪಿನ ಇನ್ನೆರಡು ರೋಗಗಳಾದ ಸಿಟ್ಟಕೋಸಿಸ್, ಕ್ಯೂ ಜ್ವರಗಳಿಗೂ ಬೇಕು. ಮನೆಯಲ್ಲಿ ಗಿಳಿ, ಪಾರಿವಾಳ ಸಾಕಿದ್ದಾರೆಯೇ ಎಂದು ಕೇಳದವನಿಗೆ ಹಕ್ಕಿಗಳಿಂದ ಬರುವ ಸಿಟ್ಟಕೋಸಿಸ್ ನೆನಪಾಗುವುದಿಲ್ಲ. ಚಿತ್ರದುರ್ಗ, ತುಮಕೂರಿನ ಕಡೆಯ ಕುರಿಗಾರನೊಬ್ಬ ಬಂದರೆ ಇತ್ತೀಚೆಗೆ ಕುರಿ ಕಂದು ಹಾಕಿತೇ, ಈಯುವಾಗ ಸತ್ತೆಯನ್ನು (ಮಾಸನ್ನು) ಕೈಯಿಂದ ತೆಗೆದನೇ ಎಂದು ವಿಚಾರಿಸು. ಕಾಕ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕ್ಯೂ ಜ್ವರದ ಗುಟ್ಟು ಆ ಸತ್ತೆಯಲ್ಲಿದೆ. ಅದರ ಕಲ್ಚರನ್ನು ಮಾತ್ರ ಸಾಮಾನ್ಯ ಲ್ಯಾಬಿನಲ್ಲಿ ಮಾಡಿಸಲು ಹೋಗಬೇಡ, ಕೆಲಸದವರಿಗೇ ಸೋಂಕು ತಗುಲೀತು. ಸೀರಮ್ ಸಾಕು: ಹೊಸ ಸೋಂಕಿನಲ್ಲಿ ಆ ಬ್ಯಾಕ್ಟೀರಿಯಾದ ‘ಎರಡನೆಯ ಹಂತ’ (ಫೇಸ್ 2) ಎನ್ನುವ ಆಂಟಿಜನ್ ವಿರುದ್ಧ ಆಂಟಿಬಾಡಿ ಏರಿರುತ್ತದೆ, ಹಳೆಯದಾಗಿ ಬೇರೂರಿದ್ದರೆ ಮೊದಲನೆಯ ಹಂತದ್ದು.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಬಿಡದ ಕೆಮ್ಮು ಕಂಡ ಕೂಡಲೇ ‘ಅಟಿಪಿಕಲ್’ ಎಂದು ಲಿವೊಫ್ಲಾಕ್ಸಸಿನ್ ಆಂಟಿಬಯಾಟಿಕ್ ಬರೆಯುವ ಚಾಳಿ ನಿನಗೆ ಹತ್ತದಿರಲಿ. ನಮ್ಮ ದೇಶದಲ್ಲಿ ಆ ಕೆಮ್ಮು ಕ್ಷಯವೂ ಆಗಿರಬಹುದು; ಆ ಔಷಧಿ ಕ್ಷಯವನ್ನು ಅರೆಬರೆ ತಗ್ಗಿಸಿ ರೋಗನಿರ್ಣಯವನ್ನು ವಾರಗಟ್ಟಲೆ ಮುಂದೂಡುತ್ತದೆ. ಕಫ ಸಿಕ್ಕರೆ ಮೊದಲು ಕ್ಷಯ ಪತ್ತೆಯ ಸಿಬಿನಾಟ್ ಪರೀಕ್ಷೆಗೆ ಕಳುಹಿಸು.

ನಿನ್ನ ಹಾಸ್ಟೆಲ್ ಹುಡುಗ ಡಾಕ್ಸಿಸೈಕ್ಲಿನ್‌ನಿಂದ ಚೇತರಿಸಿಕೊಳ್ಳುತ್ತಿದ್ದಾನೆ ಎಂದೆ, ಸಂತೋಷ. ಅವನ ಮೊದಲ ಸೀರಮ್ಮನ್ನು ಫ್ರೀಜರಿನಲ್ಲಿ ಹೆಸರು, ತಾರೀಖು ಬರೆದು ಇಡಿಸಿದ್ದೀಯಾ? ಎರಡನೆಯದು ಬಂದ ದಿನ ಎರಡನ್ನೂ ಒಂದೇ ಪ್ಲೇಟಿನಲ್ಲಿ, ಒಂದೇ ಕಿಟ್‌ನಿಂದ ಮಾಡಬೇಕು, ಇಲ್ಲದಿದ್ದರೆ ನಾಲ್ಕು ಪಟ್ಟಿನ ಲೆಕ್ಕಕ್ಕೆ ಬೆಲೆಯಿಲ್ಲ. ನಾಳೆಯೇ ಲ್ಯಾಬಿಗೆ ನೀನೇ ಇಳಿದು ಹೋಗಿ ಹೇಳು, ಫಾರಮ್ ಕಳುಹಿಸಿ ಸುಮ್ಮನಾಗಬೇಡ.

ಇತಿ,
ನಿನ್ನ ದೊಡ್ಡಮ್ಮ