ಮಗಳಿಗೊಂದು ಪತ್ರ: ಆರು ಪಾಯಿಂಟಿನ ಕೈ

ಪುಟ್ಟೀ,

ಹಾಸ್ಟೆಲ್ ತಲುಪಿದೆ ಅಂತ ಮೆಸೇಜ್ ನೋಡಿದೆ. ಚಕ್ಕುಲಿ ಪುಡಿಯಾಗಿಲ್ಲ ತಾನೇ?

ಭಾನುವಾರ ಇಸ್ಪೀಟಿನ ಬ್ರಿಡ್ಜ್‌ನಲ್ಲಿ ನಾವಿಬ್ಬರೂ ಜೋಡಿಯಾಗಿ ಆಡಿದ ಆ ಒಂದು ಆಟ ಇನ್ನೂ ನನ್ನ ತಲೆಯಲ್ಲೇ ಇದೆ. ಚಿಕ್ಕಪ್ಪ, ಚಿಕ್ಕಮ್ಮನ ಎದುರು ಹೇಳಿದರೆ ನಿನಗೆ ಬೇಜಾರಾಗುತ್ತೆ ಅಂತ ಆಗ ಸುಮ್ನಿದ್ದೆ.

ನಾನು 1 ಸ್ಪೇಡ್ ಅಂದೆ, ಅಂದರೆ ಸ್ಪೇಡ್ ತುರುಪಾದರೆ 6ರ ಮೇಲೆ 1, ಒಟ್ಟು 7 ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕೋ ಸುತ್ತು) ಗೆಲ್ತೀವಿ ಅನ್ನೋ ಕೂಗು. ಚಿಕ್ಕಪ್ಪ ಪಾಸ್, ನೀನೂ ಪಾಸ್, ಚಿಕ್ಕಮ್ಮನೂ ಪಾಸ್. ಅಲ್ಲಿಗೆ ಮುಗೀತು. ಆಮೇಲೆ ನೀನು ಎಲೆಗಳನ್ನು ಬಿಡಿಸಿಟ್ಟೆ. ಸ್ಪೇಡ್‌ನಲ್ಲಿ ರಾಣಿ, 8, 3. ಹಾರ್ಟ್ಸ್ 7, 4. ಡೈಮಂಡ್‌ನಲ್ಲಿ ರಾಜ, 9, 6, 5, 2. ಕ್ಲಬ್‌ನಲ್ಲಿ ಗುಲಾಮ, 8, 6. "ನನ್ನ ಹತ್ರ ಏನೂ ಇರ್ಲಿಲ್ಲಮ್ಮ" ಅಂದೆ. ಈಗ ಎಣಿಸು ನೋಡೋಣ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ನಿನ್ನ ಹತ್ರ 6 ಇತ್ತು ಕಣೇ!

ನಾನು 1 ಸ್ಪೇಡ್ ಅಂದಾಗ ನನ್ನ ಕೈಯಲ್ಲಿ 12 ಇರಬಹುದು, 20 ಕೂಡ ಇರಬಹುದು. ಅವತ್ತು 18 ಇತ್ತು. ನೀನು ಪಾಸ್ ಅಂದು, ಚಿಕ್ಕಮ್ಮನೂ ಪಾಸ್ ಅಂದರೆ ನನಗೆ ಮತ್ತೆ ಮಾತಾಡೋ ಅವಕಾಶವೇ ಇಲ್ಲ. ಅದಕ್ಕೇ 6 ಪಾಯಿಂಟ್ ಇದ್ದರೆ ಏನಾದರೂ ಹೇಳಲೇಬೇಕು. 5 ಅಥವಾ ಕಡಿಮೆ ಇದ್ದರೆ ಪಾಸ್ ಸರಿ.

ನಾವು ಆಡೋ ಪದ್ಧತಿಯಲ್ಲಿ 1 ಸ್ಪೇಡ್ ಅಂದರೆ ನನ್ನ ಹತ್ರ ಕನಿಷ್ಠ 5 ಸ್ಪೇಡ್ ಇದೆ ಅಂತ ಅರ್ಥ. ನಿನ್ನ 3 ಸೇರಿದರೆ 8. ತುರುಪಿಗೆ ಅಷ್ಟು ಸಾಕು. ನೀನು 2 ಸ್ಪೇಡ್ ಅನ್ನಬೇಕಿತ್ತು. "ಅಮ್ಮಾ, ನಿನ್ನ ಸ್ಪೇಡ್‌ಗೆ ನನ್ನ ಬೆಂಬಲ ಇದೆ, 6ರಿಂದ 9 ಪಾಯಿಂಟ್ ಇದೆ" ಅಂತ ಆ ಒಂದೇ ಮಾತು ಹೇಳುತ್ತೆ. ನಾನು ಕಣ್ಣು ಮುಚ್ಚಿ 4 ಸ್ಪೇಡ್‌ಗೆ ಹೋಗುತ್ತಿದ್ದೆ. 10 ಟ್ರಿಕ್ ಬೇಕಿತ್ತು, ನಮಗೆ 11 ಬಂತು. ನಿನ್ನ ಆ 5 ಡೈಮಂಡ್‌ಗಳೇ ಆಟ ಗೆಲ್ಲಿಸಿದ್ದು, ಗಮನಿಸಿದೆಯಾ? 1 ಸ್ಪೇಡ್‌ನಲ್ಲೇ ನಿಂತಿದ್ದಕ್ಕೆ 200 ಅಂಕ ಸಿಕ್ಕಿತು. ಗೇಮ್, ಅಂದರೆ ಆ 4 ಸ್ಪೇಡ್, ಕೂಗಿದ್ದರೆ 450.

ಡೈಮಂಡ್ ಉದ್ದ ಇದೆ ಅಂತ 2 ಡೈಮಂಡ್ ಅನ್ನೋ ಆಸೆ ಬರುತ್ತೆ. ಬೇಡ. ಎರಡನೇ ಹಂತದಲ್ಲಿ, ಅಂದರೆ 2ರ ಕೂಗಿನಲ್ಲಿ, ಹೊಸ ಬಣ್ಣ (ನಾನು ಹೇಳದ ಜಾತಿ) ಹೇಳೋಕೆ 10 ಪಾಯಿಂಟ್ ಆದರೂ ಬೇಕು.

ಒಂದನೇ ಹಂತದಲ್ಲಾದರೆ 4 ಎಲೆ, 6 ಪಾಯಿಂಟ್ ಸಾಕು. ಅದಕ್ಕೆ ಮೇಲಿನ ಮಿತಿಯೇ ಇಲ್ಲ, 16 ಇದ್ದರೂ ಅದೇ ಮಾತು. ನೀನು ಹಾಗೆ ಹೊಸ ಬಣ್ಣ ಹೇಳಿದ ಮೇಲೆ ನಾನು ಪಾಸ್ ಅನ್ನೋ ಹಾಗಿಲ್ಲ, ಇನ್ನೊಂದು ಸುತ್ತು ಮಾತಾಡಲೇಬೇಕು. ಅದಕ್ಕೇ ಕೈ ಚೆನ್ನಾಗಿದೆ ಅಂತ ಜಾಸ್ತಿ ಹಾರೋದು ಬೇಡ.

ಈಗ ಈ ಕೈ ನೋಡು. ಸ್ಪೇಡ್‌ನಲ್ಲಿ ರಾಜ, ರಾಣಿ, 7, 4. ಹಾರ್ಟ್ಸ್‌ನಲ್ಲಿ ಎಕ್ಕ, ಗುಲಾಮ, 6, 3. ಡೈಮಂಡ್ 8, 2. ಕ್ಲಬ್ 9, 6, 4. ನಾನು 1 ಡೈಮಂಡ್ ಅಂದೆ, ಚಿಕ್ಕಪ್ಪ ಪಾಸ್. ನೀನು ಏನು ಹೇಳ್ತೀಯ? ಎರಡರಲ್ಲೂ 4 ಎಲೆ ಇದೆ, ಯಾವುದು ಮೊದಲು, ಯಾಕೆ? ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ ಹೇಳು. ಕಾಯ್ತಿರ್ತೀನಿ.

ನಿನ್ನ ಅಮ್ಮ