ಕಿಲ್ಟ್ ನೆರಿಗೆಗೂ ಒಂದು ಲೆಕ್ಕ ಇದೆ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಬಂದ ಸ್ಕಾಟ್ಲೆಂಡ್ ಪ್ರವಾಸದ ಲೇಖನ ಓದಿದೆ. ಕೋಟೆ, ಸರೋವರ, ಬಿಡದೆ ಸುರಿಯೋ ಮಳೆ ಎಲ್ಲ ಚೆನ್ನಾಗಿ ಬರ್ದಿದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಅಲ್ಲಿನ ಗಂಡಸರು ಸೊಂಟಕ್ಕೆ ಉಡೋ ನೆರಿಗೆ ಉಡುಪು, ಕಿಲ್ಟ್ ವಿಷಯಕ್ಕೆ ಬಂದ ತಕ್ಷಣ, ಎಂಟು ಗಜ ಉಣ್ಣೆ ಬಟ್ಟೆ ಸುತ್ತಿ ಹಿಂದೆ ನಾಲ್ಕು ನೆರಿಗೆ ಹೊಡೆದ್ರೆ ಮುಗೀತು ಅದಕ್ಕೆ ನೂರಾರು ಪೌಂಡ್ ಯಾಕೆ ಕೀಳ್ತಾರೋ ಅಂತ ಒಂದೇ ಸಾಲಲ್ಲಿ ತಳ್ಳಿಹಾಕಿಬಿಟ್ಟಿದಾರಲ್ಲ, ಅದನ್ನ ಓದಿ ಸುಮ್ನೆ ಕೂರಕ್ಕಾಗ್ಲಿಲ್ಲ. ನಾನು ತಿಪಟೂರಿನವಳು, ಊರಲ್ಲಿ ಬ್ಲೌಸು ಚೂಡಿದಾರ ಹೊಲೀತಿದ್ದೆ, ಈಗ ಎಡಿನ್‌ಬರಾದಲ್ಲಿ ಕೈಯಲ್ಲೇ ಕಿಲ್ಟ್ ಹೊಲಿಯೋ ಒಬ್ಬ ವಯಸ್ಸಾದ ಹೆಂಗಸಿನ ಹತ್ರ ಕೆಲಸ ಮಾಡ್ತೀನಿ, ಹಂಗಾಗಿ ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ದಿನಾ ಕಣ್ಣಾರೆ ನೋಡ್ತಿದೀನಿ.

ಲೇಖಕರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಬಿಡಿ, ಹಳೇ ಕಾಲದಲ್ಲಿ ಹಂಗೇ ಇತ್ತು. ಹೈಲ್ಯಾಂಡ್ ಬೆಟ್ಟದ ಕಡೆ ಜನ ಉದ್ದನೆ ಕಂಬಳಿಯಂಥ ಬಟ್ಟೆನ ಕೈಯಲ್ಲೇ ಮಡಿಸಿ ಸೊಂಟಕ್ಕೆ ಬೆಲ್ಟ್ ಬಿಗಿದು ಮಿಕ್ಕಿದ್ದನ್ನ ಹೆಗಲ ಮೇಲೆ ಎಸ್ಕೋತಿದ್ರು. ಆಮೇಲೆ ಸೊಂಟದಿಂದ ಕೆಳಗಿನ ಭಾಗ ಮಾತ್ರ ಉಳೀತು. ಬ್ರಿಟಿಷ್ ರಾಜನ ವಿರುದ್ಧ ಬಂಡೆದ್ದವರು ಕಲ್ಲೊಡೆನ್ ಯುದ್ಧದಲ್ಲಿ ಸೋತ ವರ್ಷ, 1746ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಸೈನಿಕರನ್ನ ಬಿಟ್ಟು ಉಳಿದ ಗಂಡಸರು ಈ ಉಡುಪು ಹಾಕಬಾರದು ಅಂತ ಕಾನೂನು ಮಾಡ್ತು, ಅದು ರದ್ದಾಗಿದ್ದು 1782ರಲ್ಲಿ. ನೆರಿಗೆನ ಹೊಲಿದು ಕೂರಿಸೋ ಪದ್ಧತಿ ಬಂದಿದ್ದು ಅದಾದ್ಮೇಲೆ, ಹದಿನೆಂಟನೇ ಶತಮಾನದ ಕೊನೇಲಿ. ಅಲ್ಲಿಂದ ಮುಂದೆ ಅದು ಸುತ್ತೋ ಬಟ್ಟೆಯಾಗಿ ಉಳೀಲಿಲ್ಲ, ಟೈಲರ್ ಕೆಲಸ ಆಯ್ತು.

ಈಗ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ಕತ್ತರಿ ಸೂಜಿ ಮುಟ್ಟೋಕೆ ಮುಂಚೆ ಅರ್ಧ ಕೆಲಸ ಪೇಪರ್ ಮೇಲೆ ಆಗಿರುತ್ತೆ. ಕಿಲ್ಟ್‌ಗೆ ಮುಂದೆ ನೆರಿಗೆ ಇರಲ್ಲ, ಎರಡು ಸಪಾಟು ಪದರ ಒಂದರ ಮೇಲೊಂದು ಕೂರುತ್ತೆ, ಅದನ್ನ ಏಪ್ರನ್ ಅಂತಾರೆ. ನೆರಿಗೆ ಎಲ್ಲ ಹಿಂದೆ. ಒಬ್ಬರ ಹಿಪ್ ಅಳತೆ 40 ಇಂಚು ಅಂತಿಟ್ಕೊಳ್ಳಿ, ಸುಮಾರು 20 ಮುಂದಕ್ಕೆ 20 ಹಿಂದಕ್ಕೆ. ಆ ಹಿಂದಿನ 20 ಇಂಚಲ್ಲಿ 27 ನೆರಿಗೆ ಕೂರಿಸಬೇಕು ಅಂದ್ರೆ ಒಂದೊಂದು ನೆರಿಗೆ ಹೊರಗೆ ಕಾಣೋದು ಮುಕ್ಕಾಲು ಇಂಚಿಗಿಂತ ಒಂಚೂರು ಕಮ್ಮಿ. ಇಷ್ಟಾದ್ರೆ ಯಾರು ಬೇಕಾದ್ರೂ ಭಾಗಾಕಾರ ಮಾಡಿ ಹೊಲೀಬಹುದಿತ್ತು. ತಲೆ ತಿನ್ನೋದು ಟಾರ್ಟನ್ ಅನ್ನೋ ಬಣ್ಣಬಣ್ಣದ ಪಟ್ಟೆಗಳ ಚೌಕಳಿ. ಪಟ್ಟೆಗಳು ಒಂದು ಸುತ್ತು ಮುಗಿದು ಮತ್ತೆ ಮೊದಲಿಂದ ಶುರುವಾಗೋ ಅಳತೆಗೆ ಸೆಟ್ ಅಂತಾರೆ, ಅದು ಕೆಲವು ಬಟ್ಟೇಲಿ 6 ಇಂಚು, ಕೆಲವದ್ರಲ್ಲಿ 8 ಇಂಚು ಹೀಗೆಲ್ಲ ಇರುತ್ತೆ. ನೆರಿಗೆ ಹೊಲಿದು ಮುಗಿಸಿದ ಮೇಲೂ ಹಿಂದುಗಡೆ ಚೌಕಳಿ ಒಡೀದೆ ಮುಂದಿನ ಹಾಗೇ ಕಾಣಬೇಕು ಅಂದ್ರೆ ಪ್ರತಿ ನೆರಿಗೆಗೂ ಒಂದು ಪೂರ್ತಿ ಸೆಟ್ ಒಳಗೆ ಮಡಚಿಕೋಬೇಕು, ಜೊತೆಗೆ ಹೊರಗೆ ಕಾಣೋ ಮುಕ್ಕಾಲು ಇಂಚು ಮುಂದಕ್ಕೆ ಸರೀಬೇಕು. ಅಂದ್ರೆ 6 ಇಂಚು ಸೆಟ್ ಇದ್ರೆ ನೆರಿಗೆಗೆ ಹತ್ರಹತ್ರ 6.75 ಇಂಚು ಬಟ್ಟೆ, 27ಕ್ಕೆ 182 ಇಂಚು, ಅಂದ್ರೆ ಐದು ಗಜ ಅಲ್ಲೇ ಹೋಯ್ತು, ಅದಕ್ಕೆ ಎರಡು ಏಪ್ರನ್ನು, ಪಕ್ಕದ ಆಳದ ಮಡಿಕೆಗಳು ಎಲ್ಲ ಸೇರಿದ್ರೆ ಏಳು ಗಜದ ಹತ್ರ. ಸೆಟ್ 8 ಇಂಚಾದ್ರೆ ಅದೇ ಮನುಷ್ಯನಿಗೆ ನೆರಿಗೆ ಕಮ್ಮಿ ಮಾಡಿ ಅಗಲ ಜಾಸ್ತಿ ಮಾಡಬೇಕು, ಇಲ್ಲಾಂದ್ರೆ ಬಟ್ಟೆ ಸಾಲಲ್ಲ. ಎಂಟು ಗಜ ಅನ್ನೋದು ಬಾಯಿಮಾತಿನ ಲೆಕ್ಕ ಅಷ್ಟೆ.

ಇನ್ನೊಂದು ಥರ ಇದೆ, ಸೈನ್ಯದವರದ್ದು. ಅದ್ರಲ್ಲಿ ಚೌಕಳಿ ಉಳಿಸೋ ಗೋಜಿಲ್ಲ, ಪ್ರತಿ ನೆರಿಗೆ ಮಧ್ಯಕ್ಕೂ ಒಂದೇ ಪಟ್ಟೆ ಬರೋ ಹಾಗೆ ಮಡಿಸೋದು. 1994ರವರೆಗೆ ಇದ್ದ ಗಾರ್ಡನ್ ಹೈಲ್ಯಾಂಡರ್ಸ್ ರೆಜಿಮೆಂಟಿನವರದ್ದು ಹಳದಿ ಪಟ್ಟೆ, ಹಿಂದಿಂದ ನೋಡಿದ್ರೆ ಸಾಲಾಗಿ ಹಳದಿ ಗೆರೆ ನಿಂತಿರ್ತಿತ್ತು, ನಡೆಯುವಾಗ ನೆರಿಗೆ ಬಿಚ್ಚಿಕೊಂಡು ಒಳಗಿನ ಹಸಿರು ನೀಲಿ ಹೊಳೆದು ಮಾಯ ಆಗ್ತಿತ್ತು. ನಂಗೆ ಇದೇ ಜಾಸ್ತಿ ಇಷ್ಟ, ನಮ್ಮ ಯಜಮಾನಿ ಮಾತ್ರ ಒಪ್ಪಲ್ಲ, ಚೌಕಳಿ ಕೂಡಿಸೋಕೆ ಬರದೇ ಇರೋರು ಪಟ್ಟೆ ಹಿಡೀತಾರೆ ಅಂತ ಕಿಚಾಯಿಸ್ತಾರೆ.

ಹೊಲಿಗೆ ವಿಷಯ. ನಾವು ಸೀರೆ ನೆರಿಗೆ ದಿನಾ ಹೊಸದಾಗಿ ಹಿಡೀತೀವಿ, ಇವತ್ತು ಸರಿ ಬರ್ಲಿಲ್ಲ ಅಂದ್ರೆ ನಾಳೆ ಇದ್ದೇ ಇದೆ, ಇಲ್ಲಿ ಒಂದ್ಸಲ ಕೂರಿಸಿದ್ದು ಮೂವತ್ತು ನಲವತ್ತು ವರ್ಷ ಹಂಗೇ ಕೂತಿರಬೇಕು. ಹಿಪ್‌ನಿಂದ ಸೊಂಟದವರೆಗೆ ಮಾತ್ರ ನೆರಿಗೆನ ಹೊಲೀತಾರೆ, ಕೆಳಗೆ ಬಿಟ್ಟಿರ್ತಾರೆ. ಆದ್ರೆ ಸೊಂಟ ಹಿಪ್‌ಗಿಂತ ಸಣ್ಣದಲ್ವಾ, ಹಿಂದಿನ 20 ಇಂಚು ಮೇಲೆ ಹೋಗೋಷ್ಟರಲ್ಲಿ 16 ಆಗಬೇಕು ಅಂದ್ರೆ ಒಂದೊಂದು ನೆರಿಗೆಯಲ್ಲೂ ನಾಲ್ಕು ಮಿಲಿಮೀಟರಿಗಿಂತ ಕಮ್ಮಿ ಕಳೀಬೇಕು, ಅದೂ ನೇರ ಗೆರೇಲಿ. ನಮ್ಮ ಯಜಮಾನಿ ಬಟ್ಟೆನ ಸೀದಾ ಕಡೆಯಿಂದಲೇ ಹಿಡ್ಕೊಂಡು ಎಡಗೈ ಹೆಬ್ಬೆರಳಲ್ಲಿ ಮಡಿಕೆ ಒತ್ತಿ, ಅಡ್ಡ ಪಟ್ಟೆ ಪಕ್ಕದ ನೆರಿಗೆ ಪಟ್ಟೆಗೆ ಕೂಡ್ತಾ ಅಂತ ನೋಡಿ, ಒಂದು ಎಳೆಯಷ್ಟು ಸರಿಸಿ, ಸೂಜಿ ತುದಿಯಲ್ಲಿ ಮಡಿಕೆ ಅಂಚನ್ನ ಚೂರೇ ಚೂರು ಕಚ್ಚಿಸಿ ದಾರ ಎಳೀತಾರೆ, ಆ ಹೊಲಿಗೆ ಬೆಳಕಿಗೆ ಹಿಡಿದು ಹುಡುಕಿದ್ರೂ ಸಿಗಲ್ಲ. ಒಂದು ನೆರಿಗೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದ್ರೆ ಯಾರಿಗೂ ಕಾಣಲ್ಲ, 27ರಲ್ಲೂ ಅದೇ ತಪ್ಪಾದ್ರೆ ಒಂದು ಇಂಚಿಗಿಂತ ಜಾಸ್ತಿ ಆಗುತ್ತೆ, ಆಗ ಕಿಲ್ಟ್ ಸೊಂಟದಲ್ಲಿ ನಿಲ್ಲಲ್ಲ, ಬಿಚ್ಚಿ ಮೊದಲಿಂದ.

ಕೆಳಗಿನ ಅಂಚು ಮಡಿಸಿ ಹೊಲಿಯಲ್ಲ, ನೇಯ್ಗೆಯ ಅಂಚೇ ಕೆಳಗೆ ಬರುತ್ತೆ, ಹಂಗಾಗಿ ಉದ್ದ ಜಾಸ್ತಿ ಆಯ್ತು ಅಂತ ಆಮೇಲೆ ಕೆಳಗಿಂದ ಕತ್ತರಿಸೋ ಮಾತೇ ಇಲ್ಲ, ಮಂಡಿ ಮಧ್ಯಕ್ಕೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು. ಅಗಲ ಜಾಸ್ತಿ ಇರೋ ಬಟ್ಟೆ ಆದ್ರೆ ನಾಲ್ಕು ಗಜ ತಂದು ಉದ್ದುದ್ದಕ್ಕೆ ಎರಡು ಮಾಡಿ ಜೋಡಿಸ್ತಾರೆ, ಆ ಜೋಡಣೆ ಒಂದು ನೆರಿಗೆ ಒಳಗೆ ಅಡಗಿ ಕೂರೋ ಹಾಗೆ ಮೊದಲೇ ಲೆಕ್ಕ ಹಾಕಿರ್ತಾರೆ. ಆಮೇಲೆ ಒಳಗಡೆ ದಪ್ಪ ಆಗೋ ಬಟ್ಟೆನ ಸೊಂಟದ ಭಾಗದಲ್ಲಿ ಕತ್ತರಿಸಿ ತೆಗೆಯೋದು, ನೆರಿಗೆ ಭಾರ ಹೊರೋಕೆ ಅಡ್ಡಕ್ಕೆ ಗಟ್ಟಿ ಹೊಲಿಗೆ, ಕ್ಯಾನ್ವಾಸು, ಲೈನಿಂಗು, ಚರ್ಮದ ಪಟ್ಟಿ ಬಕಲ್ಲು, ಕಚ್ಚಾ ಹೊಲಿಗೆ ಹಾಕಿ ಒದ್ದೆ ಬಟ್ಟೆ ಮೇಲಿಟ್ಟು ಭಾರದ ಇಸ್ತ್ರಿ. ಕೈ ಪಳಗಿದವರಿಗೂ ಒಂದು ಕಿಲ್ಟ್‌ಗೆ ದಿನಗಟ್ಟಲೆ ಹಿಡಿಯುತ್ತೆ. ಗಜಕ್ಕೆ 13 ಔನ್ಸ್, 16 ಔನ್ಸ್ ತೂಗೋ ಉಣ್ಣೆ ಬಟ್ಟೆ ರೇಟು ಬೇರೆ.

ಟೂರಿಸ್ಟ್ ಬೀದೀಲಿ ಸೋವಿ ಕಿಲ್ಟ್ ಸಿಗಲ್ವಾ ಅಂದ್ರೆ ಧಾರಾಳವಾಗಿ ಸಿಗುತ್ತೆ, ಅಕ್ರಿಲಿಕ್ ಬಟ್ಟೆ, ಮಿಷಿನ್ ಹೊಲಿಗೆ, ಅರ್ಧ ಇಂಚು ಆಳದ ನೆರಿಗೆ, ಚೌಕಳಿ ಹಿಂದುಗಡೆ ಚೂರುಚೂರು. ಒಂದು ಮದುವೆಗೆ ಫೋಟೋ ತೆಗೆಸ್ಕೊಳ್ಳೋಕೆ ಸಾಕು, ತಪ್ಪೇನಿಲ್ಲ. ನಿಮ್ಮ ಲೇಖಕರು ಮುಟ್ಟಿ ನೋಡಿದ್ದು ಬಹುಶಃ ಅದನ್ನೇ ಇರಬೇಕು, ಹಾಗಿದ್ರೆ ಅದರ ರೇಟನ್ನೇ ಬರೀಬೇಕಿತ್ತು, ಅದನ್ನ ನೋಡಿ ಕೈಹೊಲಿಗೆಯವರ ರೇಟನ್ನ ಬೈದ್ರೆ ಹೆಂಗೆ?

ಕೊನೇದಾಗಿ ಆ ಲೇಖನದ ಜೊತೆ ಹಾಕಿದ ಕಿಲ್ಟ್ ಫೋಟೋ ಬಗ್ಗೆ. ಗಂಡಸರ ಕಿಲ್ಟ್‌ನಲ್ಲಿ ಮೇಲಿನ ಏಪ್ರನ್ನಿನ ಕುಚ್ಚಿನ ಅಂಚು, ಪಿನ್ನು, ಎಲ್ಲ ಉಟ್ಟವರ ಬಲಗಡೆ ಬರುತ್ತೆ. ನಿಮ್ಮ ಪುರವಣಿಯಲ್ಲಿ ಎಡಗಡೆ ಬಂದಿದೆ, ಹಿಂದಿರೋ ಅಂಗಡಿ ಬೋರ್ಡಿನ ಅಕ್ಷರಾನೂ ಉಲ್ಟಾ ಇದೆ, ಪೇಜ್ ಮಾಡುವಾಗ ಯಾರೋ ಫೋಟೋ ತಿರುಗಿಸಿದಾರೆ. ಮುಂದಿನ ವಾರ ತಿದ್ದುಪಡಿ ಹಾಕೋದಾದ್ರೆ ಅದನ್ನೂ ಸೇರಿಸಿ, ಆಗಲ್ಲ ಅಂದ್ರೆ ಆನ್‌ಲೈನ್ ಎಡಿಷನ್ನಲ್ಲಾದ್ರೂ ಬದಲಾಯಿಸಿ.

ಇಂತಿ,
ನಿಮ್ಮ ಓದುಗಳು, ಎಡಿನ್‌ಬರಾ