ಆ ಎರಡು ಶೇಂಗಾ ಉಂಡೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನ್ ಮಾಡಿದಾಗ ಜೂನ್‌ನಲ್ಲಿ ಮತ್ತೆ ಯೊಸೆಮಿಟಿ, ಆಗಸ್ಟ್‌ನಲ್ಲಿ ಯೆಲ್ಲೋಸ್ಟೋನ್, ಅಮೆರಿಕದ ಆ ಎರಡೂ ಕಾಡಿನಲ್ಲಿ ಟೆಂಟ್‌ನಲ್ಲೇ ಮಲಗೋದು ಅಂದೆ. ಹಿಂದಿನಿಂದ ಚಿನ್ನು "ಅಜ್ಜೀ, ಕರಡಿ ನೋಡ್ತೀನಿ" ಅಂತ ಕೂಗಿದಳು. ಹುಷಾರಮ್ಮ ಅಂತಷ್ಟೇ ಹೇಳಿ ಫೋನ್ ಇಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ಎರಡು ವರ್ಷದಿಂದ ನಿನಗೊಂದು ಮಾತು ಹೇಳುವುದು ಬಾಕಿ ಇದೆ. ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಬಂದಿದ್ದಾಗ ಯೊಸೆಮಿಟಿಯ ಅಪ್ಪರ್ ಪೈನ್ಸ್ ಕ್ಯಾಂಪ್‌ನಲ್ಲಿ ಟೆಂಟ್ ಹಾಕಿದ್ದೆವಲ್ಲ, ಆ ಎರಡನೇ ರಾತ್ರಿ. ವಾಸನೆ ಬರುವುದೆಲ್ಲ ಕರಡಿಗೆ ಸಿಗದ ಕಬ್ಬಿಣದ ಲಾಕರಿಗೆ ಹಾಕಬೇಕು ಅಂತ, ಮಲಗುವ ಮುಂಚೆ ನೀನು ಎಲ್ಲರನ್ನೂ ಕೇಳಿದೆ. "ತಿನ್ನೋದು ಯಾರ ಹತ್ರಾನಾದ್ರೂ ಇದೆಯಾ? ಪೇಸ್ಟು, ಸೋಪು, ಕ್ರೀಮು?" ನಾನು ಇಲ್ಲ ಅಂದೆ. ಅದು ಸುಳ್ಳು. ನನ್ನ ಕೈಚೀಲದಲ್ಲಿ ಎರಡು ಶೇಂಗಾ ಉಂಡೆ ಇದ್ದವು. ಮಗು ರಾತ್ರಿ ಹಸಿವು ಅಂತ ಎದ್ದರೆ ಇರಲಿ ಅಂತ ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಯೂ ಅದರಲ್ಲೇ ಇತ್ತು. ಆ ಚೀಲ ಇದ್ದದ್ದು ಚಿನ್ನು ದಿಂಬಿನ ಪಕ್ಕ.

ನಡುರಾತ್ರಿ ಪಕ್ಕದ ಟೆಂಟಿನವರು ಪಾತ್ರೆ ಬಡಿಯುತ್ತಾ ಕೂಗಿದರು. ನೀನು ಎದ್ದು ಚಪ್ಪಾಳೆ ತಟ್ಟಿದೆ, ಅಳಿಯಂದಿರು ಟಾರ್ಚ್ ಹಾಕಿದರು. ಆಮೇಲೆ ರೇಂಜರ್ ಬಂದು ಹೋದರು. ಕರಡಿ ಹೋಯ್ತು ಅಂತ ನೀವೆಲ್ಲ ಮಲಗಿದಿರಿ. ನಾನು ಮಲಗಲಿಲ್ಲ. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಮಗುವಿಗೆ ಬೆನ್ನು ಮಾಡಿ, ಬೆಳಗಾಗುವ ತನಕ ಕೂತಿದ್ದೆ. ಲಾಕರ್ ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ಆ ಕತ್ತಲಲ್ಲಿ ಹೊರಗೆ ಕಾಲಿಡಲು ಧೈರ್ಯ ಬರಲಿಲ್ಲ, ನಿನ್ನನ್ನು ಎಬ್ಬಿಸಿ ಹೇಳಲು ಅದಕ್ಕಿಂತ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊರಗೆ ಬಂದೆ. ನಮ್ಮ ಟೆಂಟಿನ ಹಗ್ಗದಿಂದ ಮೂರು ಮಾರು ದೂರದ ದೂಳಿನಲ್ಲಿ ಒಂದು ಹೆಜ್ಜೆ ಗುರುತಿತ್ತು. ಮಗುವಿನ ಅಂಗಾಲಿನ ಹಾಗೇ, ಆದರೆ ಅಗಲ. ಐದು ಬೆರಳು. ಒಂದೊಂದು ಬೆರಳಿನ ಮುಂದೆಯೂ ರಂಗೋಲಿ ಚುಕ್ಕಿ ಇಟ್ಟ ಹಾಗೆ ಉಗುರಿನ ತುದಿ ಊರಿತ್ತು. ಅದರ ಪಕ್ಕ ನನ್ನ ಕೈ ಇಟ್ಟು ನೋಡಿದೆ. ಆಮೇಲೆ ಉಂಡೆಗಳನ್ನು ಲಾಕರಿಗೆ ಹಾಕಿ, ಕಾಲಿನಿಂದ ಆ ಗುರುತನ್ನು ಅಳಿಸಿಬಿಟ್ಟೆ. ನೀನು ನೋಡಬಾರದು ಅಂತ.

ಯಾಕೆ ಹಾಗೆ ಮಾಡಿದೆ ಅಂತ ತುಂಬ ಸಲ ಕೇಳಿಕೊಂಡಿದ್ದೇನೆ. ಕರಡಿ ನನಗೆ ಗೊತ್ತು ಅಂದುಕೊಂಡಿದ್ದೆ, ಅದೇ ಕಾರಣ. ದರೋಜಿ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವಳು. ನನ್ನ ಸೋದರಮಾವನ ಎಡಗಣ್ಣು ಹೋದದ್ದು ಕರಡಿಯಿಂದಲೇ, ನಿನಗೆ ಗೊತ್ತಲ್ಲ. ನಸುಕಿನಲ್ಲಿ ಹೊಲಕ್ಕೆ ಹೋಗುತ್ತಿದ್ದರು. ಬಂಡೆ ತಿರುಗಿದರೆ ಎದುರಿಗೇ ಅದು ಹುತ್ತ ಅಗೆಯುತ್ತಾ ನಿಂತಿತ್ತು. ಗೆದ್ದಲು ಹೀರುವಾಗ ನಮ್ಮ ಕರಡಿಗೆ ಬೇರೆ ಸದ್ದು ಕೇಳಿಸುವುದು ಕಡಿಮೆ. ಬೆಚ್ಚಿಬಿದ್ದು ಎರಡು ಕಾಲ ಮೇಲೆ ಎದ್ದು ನೇರ ಮುಖಕ್ಕೇ ಕೈ ಹಾಕಿತು. "ಅದಕ್ಕೆ ನನ್ನ ಮೇಲೆ ಸಿಟ್ಟೇನಿರಲಿಲ್ಲ, ಹೆದರಿತ್ತು ಅಷ್ಟೇ" ಅಂತ ಮಾವ ಸಾಯುವ ತನಕ ಹೇಳುತ್ತಿದ್ದರು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೆಮ್ಮದೆ, ಕೋಲಿನಿಂದ ಕಲ್ಲು ತಟ್ಟದೆ ನಸುಕಿನಲ್ಲಿ ಹೊರಗೆ ಹೋಗುತ್ತಿರಲಿಲ್ಲ.

ಹಾಗಾಗಿ ಕರಡಿ ಅಂದರೆ ಎದುರಿಗೆ ಸಿಕ್ಕಿದರೆ ಮಾತ್ರ ಅಪಾಯ ಅಂತ ನನ್ನ ತಲೆಯಲ್ಲಿ ಕೂತಿತ್ತು. ಮನೆ ಹುಡುಕಿಕೊಂಡು ಬಂದು ಚೀಲಕ್ಕೆ ಕೈ ಹಾಕುವ ಕರಡಿ ಇರುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ. ಯೊಸೆಮಿಟಿಯಲ್ಲಿ ಇರುವುದು ಬ್ಲ್ಯಾಕ್ ಬೇರ್. ಹೆಸರು ಕಪ್ಪು, ಆದರೆ ಅಲ್ಲಿನ ಎಷ್ಟೋ ಕರಡಿಗಳು ಕಂದು ಬಣ್ಣದವು. ಅವು ಜನರ ಮೇಲೆ ಬೀಳಲು ಬರುವುದಿಲ್ಲ, ವಾಸನೆ ಹಿಡಿದು ಬರುತ್ತವೆ.

ನಿನಗೂ ನಾನು ತಪ್ಪು ಪಾಠ ಹೇಳಿಕೊಟ್ಟಿದ್ದೇನೆ ಪುಟ್ಟಿ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ದರೋಜಿ ಕರಡಿಧಾಮದ ವಾಚ್ ಟವರಿಗೆ ಕರೆದುಕೊಂಡು ಹೋಗಿದ್ದೆವು. ಫಾರೆಸ್ಟಿನವರು ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋದರು. ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ತಾಯಿ ಕರಡಿ ಬೆನ್ನ ಮೇಲೆ ಮರಿ ಹೊತ್ತುಕೊಂಡು ಬಂತು. ನೀನು ಕುಣಿದಾಡಿದೆ. "ಅಮ್ಮ, ನಾವೂ ಬೆಲ್ಲ ಹಾಕೋಣ್ವಾ?" ಅಂದೆ. ನಾನು ಹೂಂ, ಪುಣ್ಯ ಬರುತ್ತೆ ಅಂದೆ. ಅದು ಇಲಾಖೆಯವರು ಧಾಮದ ಒಳಗೆ, ಜನರನ್ನು ದೂರ ಇಟ್ಟು ಮಾಡುವ ಕೆಲಸ. ಹಸಿದ ಪ್ರಾಣಿಗೆ ಒಂದು ತುತ್ತು ಹಾಕುವುದು ನಮ್ಮ ರಕ್ತದಲ್ಲಿದೆ. ನಿಮ್ಮ ಕಡೆ ಅದೇ ತುತ್ತು ಕರಡಿಯ ಪ್ರಾಣಕ್ಕೆ ಬರುತ್ತದೆ.

ಯೊಸೆಮಿಟಿಯಲ್ಲೂ ಒಂದು ಕಾಲದಲ್ಲಿ ಕರಡಿಗಳಿಗೆ ಎಂಜಲು ಸುರಿದು, ರಾತ್ರಿ ದೀಪ ಹಾಕಿ ಜನಕ್ಕೆ ತೋರಿಸುತ್ತಿದ್ದರಂತೆ. 1940ರ ಹೊತ್ತಿಗೆ ಅದನ್ನು ನಿಲ್ಲಿಸಿದರು. ಆದರೂ ಮನುಷ್ಯರ ಊಟದ ರುಚಿ ಕರಡಿಗಳಿಂದ ಬಿಡಿಸಲು ಆಗಲಿಲ್ಲ. 1998ರಲ್ಲಿ ಒಂದೇ ವರ್ಷಕ್ಕೆ ಸಾವಿರದ ಐನೂರಕ್ಕೂ ಜಾಸ್ತಿ ಸಲ ಕರಡಿಗಳು ಕಾರು, ಟೆಂಟು, ಊಟದ ಮೇಲೆ ಕೈ ಹಾಕಿದವು. ಆಮೇಲೆ ಕಬ್ಬಿಣದ ಲಾಕರುಗಳನ್ನು ಜಾಸ್ತಿ ಮಾಡಿ, ನಿಯಮ ಬಿಗಿ ಮಾಡಿದ ಮೇಲೆ ಈಗ ವರ್ಷಕ್ಕೆ ನೂರರ ಒಳಗೆ ಇಳಿದಿದೆ. ನಮ್ಮ ಊಟದ ರುಚಿ ಹತ್ತಿದ ಕರಡಿ ಹೆದರಿಕೆ ಬಿಡುತ್ತದೆ, ಹಗಲಲ್ಲೂ ಬರುತ್ತದೆ, ಮೈಮೇಲೂ ಬರಬಹುದು. ಕೊನೆಗೆ ರೇಂಜರುಗಳೇ ಅದನ್ನು ಕೊಲ್ಲಬೇಕಾಗುತ್ತದೆ. ನನ್ನ ಉಂಡೆ ಅದರ ಬಾಯಿಗೆ ಸಿಕ್ಕಿದ್ದರೆ ಮಗುವಿಗೂ ಅಪಾಯ, ಆ ಕರಡಿಗೂ ಅಪಾಯ ಆಗುತ್ತಿತ್ತು. ಇದು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈಗ ನಿನ್ನ ಕಾರಿನ ವಿಷಯ. ನಿಮ್ಮದು ಮಿನಿವ್ಯಾನ್ ಅಲ್ವಾ? 2001ರಿಂದ 2007ರವರೆಗೆ ಯೊಸೆಮಿಟಿಯಲ್ಲಿ ಕರಡಿಗಳು ಒಡೆದ ಕಾರುಗಳ ಲೆಕ್ಕ ತೆಗೆದು ನೋಡಿದಾಗ, ಅಲ್ಲಿಗೆ ಬರುವ ಮಿನಿವ್ಯಾನ್‌ಗಳ ಸಂಖ್ಯೆಗೆ ಹೋಲಿಸಿದರೆ ಒಡೆದವು ತೀರಾ ಜಾಸ್ತಿ ಇದ್ದವಂತೆ. ಮಕ್ಕಳಿರುವ ಗಾಡಿ, ಸೀಟಿನ ಸಂದಿಯಲ್ಲಿ ತಿಂಡಿ ಚೆಲ್ಲಿರುತ್ತದೆ. ಚಿನ್ನು ಕಾರ್ ಸೀಟು ನೆನಪು ಮಾಡಿಕೋ. ಅದರ ಬಟ್ಟೆ ಬಿಚ್ಚಿದರೆ ಕೆಳಗೆ ಒಂದು ಹಿಡಿ ಮಂಡಕ್ಕಿ, ಎರಡು ದ್ರಾಕ್ಷಿ ಇದ್ದೇ ಇರುತ್ತವೆ. ಹೊರಡುವ ಹಿಂದಿನ ದಿನ ಅದನ್ನು ಬಿಚ್ಚಿ ಒಗೆದುಬಿಡು. ಕತ್ತಲಾದ ಮೇಲೆ ಕಾರಿನಲ್ಲಿ ಒಂದು ಕಾಳೂ ಇರಕೂಡದು, ಅದು ಅಲ್ಲಿನ ಕಾನೂನು ಕೂಡ. ಹಗಲಲ್ಲಿ ಇಡಬಹುದು, ಆದರೆ ಗಾಜು ಪೂರ್ತಿ ಏರಿಸಿ, ಹೊರಗಿನಿಂದ ಕಾಣದ ಹಾಗೆ.

ನಮ್ಮ ಅಡುಗೆ ಬೇರೆ ಘಮ್ಮೆನ್ನುತ್ತದೆ. ಅಲ್ಲಿನವರು ಒಂದು ಬ್ರೆಡ್ ಪ್ಯಾಕೆಟ್ ತೆಗೆದಿಟ್ಟರೆ ಮುಗಿಯಿತು. ನಮಗೆ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಹಿಂಗಿನ ಡಬ್ಬಿ, ಒಗ್ಗರಣೆ ಸೌಟು. ಅನ್ನ ಬಸಿದ ಗಂಜಿಯನ್ನು ಟೆಂಟಿನ ಪಕ್ಕದ ಮಣ್ಣಿಗೆ ಚೆಲ್ಲಬೇಡ. ಒಗ್ಗರಣೆ ಸಿಡಿದ ಬಟ್ಟೆಯಲ್ಲಿ ಮಲಗಬೇಡ, ಬದಲಾಯಿಸು. ತಿನ್ನುವುದಲ್ಲ ಅಂತ ನಾವು ಬಿಡುವ ವಸ್ತುಗಳೇ ಜಾಸ್ತಿ ನೋಡು: ಕೊಬ್ಬರಿ ಎಣ್ಣೆ, ನೆತ್ತಿಗೆ ಹಚ್ಚುವ ಬಾಮು, ಲಿಪ್ ಬಾಮು, ಸನ್‌ಸ್ಕ್ರೀನು, ಊದಿನಕಡ್ಡಿ, ಕಸದ ಚೀಲ, ಮಗುವಿನ ನೀರಿನ ಬಾಟಲಿಯಲ್ಲಿ ಉಳಿದ ಜ್ಯೂಸು. ಸೀಲ್ ಒಡೆಯದ ಡಬ್ಬಿಯೂ ಲಾಕರಿಗೇ ಹೋಗಬೇಕು. ರಾತ್ರಿ ಮಾತ್ರ ಅಲ್ಲ, ಹಗಲಲ್ಲಿ ನೀವು ಜಲಪಾತ ನೋಡಲು ಹೋದಾಗಲೂ ಅಷ್ಟೇ. ಅಡುಗೆ ಮಾಡುವಾಗ ಕೂಡ ಲಾಕರ್ ಬಾಗಿಲು ಹಾಕಿರಲಿ, ಬೇಕಾದ್ದನ್ನು ತೆಗೆದುಕೊಂಡು ಮತ್ತೆ ಚಿಲಕ ಹಾಕು.

ಒಂದು ರಾತ್ರಿ ಬೆಟ್ಟದ ಮೇಲೆ ಉಳಿಯುತ್ತೇವೆ ಅಂದೆಯಲ್ಲ, ಅಲ್ಲಿಗೆ ಬೇರ್ ಕ್ಯಾನಿಸ್ಟರ್ ಕಡ್ಡಾಯ. ಬಾಡಿಗೆಗೂ ಸಿಗುತ್ತದೆ. ಗುಂಡಗಿನ ಗಟ್ಟಿ ಡಬ್ಬ, ಕರಡಿಯ ದವಡೆಗೆ ಸಿಗದ ಹಾಗೆ ಮಾಡಿರುತ್ತಾರೆ. ಅದನ್ನು ಮರಕ್ಕೆ ಕಟ್ಟಬೇಡ, ಹಗ್ಗ ಹಾಕಬೇಡ. ಹಗ್ಗ ಇದ್ದರೆ ಕರಡಿ ಎಳೆದುಕೊಂಡು ಹೋಗುತ್ತದೆ. ಟೆಂಟಿನಿಂದ ಮೂವತ್ತು ಮೀಟರ್ ದೂರದಲ್ಲಿ ನೆಲದ ಮೇಲೇ ಇಡು, ಇಳಿಜಾರು ಇಲ್ಲದ, ಹೊಳೆ ಹತ್ತಿರ ಇಲ್ಲದ ಜಾಗ ನೋಡಿ. ಮನೆಯಲ್ಲೇ ಒಮ್ಮೆ ಎಲ್ಲ ತುಂಬಿ ಮುಚ್ಚಳ ಹಾಕಿ ನೋಡು. ಹೋದ ಮೇಲೆ ಹಿಡಿಸಲಿಲ್ಲ ಅಂದರೆ ಉಳಿದದ್ದು ಮತ್ತೆ ಯಾರದೋ ಕೈಚೀಲಕ್ಕೇ ಬರುತ್ತದೆ.

ಕರಡಿ ಕಂಡರೆ ಏನು ಮಾಡಬೇಕು ಅಂತ ಚಿನ್ನುಗೆ ಈಗಲೇ ಹೇಳಿಕೊಡು. ಓಡಬಾರದು, ಕಿರುಚಿಕೊಂಡು ದಿಕ್ಕಾಪಾಲಾಗಬಾರದು, ಅಮ್ಮನ ಕಾಲು ಹಿಡಿದು ನಿಲ್ಲಬೇಕು. ಕರಡಿ ಗಂಟೆಗೆ ಐವತ್ತು ಕಿಲೋಮೀಟರಿಗೂ ಜೋರಾಗಿ ಓಡುತ್ತದೆ. ದಾರಿಯಲ್ಲಿ ದೂರ ಕಂಡರೆ ಯೊಸೆಮಿಟಿಯಲ್ಲಿ ಐವತ್ತು ಗಜ ಬಿಟ್ಟು ನಿಂತು ನೋಡಿ, ಫೋಟೋಗೆ ಅಂತ ಮುಂದೆ ಹೋಗಬೇಡಿ. ಟೆಂಟಿನ ಹತ್ತಿರ ಬಂದರೆ ಮಾತ್ರ ಎಲ್ಲರೂ ಒಟ್ಟಿಗೆ ನಿಂತು, ಕೈ ಮೇಲೆತ್ತಿ, ಜೋರಾಗಿ ಕೂಗಿ ಓಡಿಸಿ. ಅದಕ್ಕೆ ಹೋಗಲು ದಾರಿ ಬಿಡಿ. ಊಟ ಕಿತ್ತುಕೊಂಡಿದ್ದರೆ ವಾಪಸ್ ಕಿತ್ತುಕೊಳ್ಳಲು ಹೋಗಬೇಡಿ. ತಪ್ಪು ನಿಮ್ಮದೇ ಆಗಿದ್ದರೂ ರೇಂಜರಿಗೆ ಹೇಳಿ. ನಾನು ಹೇಳಲಿಲ್ಲ, ನೀನು ಹಾಗೆ ಮಾಡಬೇಡ.

ಯೆಲ್ಲೋಸ್ಟೋನ್ ಬೇರೆಯೇ ಲೆಕ್ಕ. ಅಲ್ಲಿ ಬ್ಲ್ಯಾಕ್ ಬೇರ್ ಜೊತೆ ಗ್ರಿಜ್ಲಿ ಅನ್ನುವ ದೊಡ್ಡ ಕರಡಿಯೂ ಇದೆ. ಬಣ್ಣ ನೋಡಿ ಗೊತ್ತಾಗುವುದಿಲ್ಲ, ಹೆಗಲ ಮೇಲೆ ಡುಬ್ಬ ನೋಡು. ಅಲ್ಲಿ ನೂರು ಗಜ ದೂರ ಇರಬೇಕು. ಗ್ರಿಜ್ಲಿ ಸ್ವಭಾವ ನಮ್ಮ ದರೋಜಿ ಕರಡಿಗೆ ಹತ್ತಿರ ಅನ್ನಿಸುತ್ತದೆ ನನಗೆ: ಬೆಚ್ಚಿಬಿದ್ದರೆ, ಮರಿ ಜೊತೆಗಿದ್ದರೆ ಮೈಮೇಲೆ ಬರುತ್ತದೆ. ಹಾಗಾಗಿ ಮಾವನ ಪಾಠ ಅಲ್ಲಿ ನಡೆಯುತ್ತದೆ. ಗುಂಪಾಗಿ ನಡೆಯಿರಿ, ತಿರುವು ಬಂದಾಗ, ಹೊಳೆ ಸದ್ದು ಜೋರಿದ್ದಾಗ, ಪೊದೆ ದಟ್ಟ ಇದ್ದಾಗ ಚಪ್ಪಾಳೆ ತಟ್ಟಿ ಕೂಗಿ. ಶೂಗೆ ಕಟ್ಟುವ ಗೆಜ್ಜೆ ಅಂಗಡಿಯಲ್ಲಿ ಮಾರುತ್ತಾರಂತೆ, ಅದರ ಸದ್ದು ಸಾಲದು. ಕೊಳೆತ ವಾಸನೆ ಬಂದರೆ, ಕಾಗೆಗಳು ಒಂದೇ ಕಡೆ ಮುತ್ತಿದ್ದರೆ ಅಲ್ಲಿ ಸತ್ತ ಪ್ರಾಣಿ ಇರಬಹುದು, ಕರಡಿ ಕಾವಲಿರಬಹುದು. ಅಲ್ಲಿಂದಲೇ ಹಿಂತಿರುಗಿ.

ಬೇರ್ ಸ್ಪ್ರೇ ಅಲ್ಲಿ ಒಬ್ಬೊಬ್ಬರ ಸೊಂಟದಲ್ಲೂ ಇರಲಿ, ಬ್ಯಾಗಿನ ಒಳಗೆ ಬೇಡ. ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲೇ ಕೊಂಡುಕೊಳ್ಳಿ. ಎಕ್ಸ್‌ಪೈರಿ ತಾರೀಕು ನೋಡಿ. ಅದು ಸೊಳ್ಳೆ ಔಷಧಿಯ ಹಾಗೆ ಮೈಗೋ ಟೆಂಟಿಗೋ ಹೊಡೆಯುವುದಲ್ಲ. ಕರಡಿ ನುಗ್ಗಿ ಬಂದಾಗ ಹತ್ತು ಮೀಟರ್ ಹತ್ತಿರ ಬಂತು ಅನ್ನುವಷ್ಟರಲ್ಲಿ ಅದರ ಮುಂದೆ ಖಾರದ ಮೋಡ ಕಟ್ಟುವ ಹಾಗೆ ಸ್ವಲ್ಪ ಕೆಳಮುಖವಾಗಿ ಒತ್ತಬೇಕು. ಕ್ಲಿಪ್ ತೆಗೆಯುವುದನ್ನು ಮೊದಲೇ ಅಭ್ಯಾಸ ಮಾಡಿ. ಯೊಸೆಮಿಟಿಗೆ ಮಾತ್ರ ಅದನ್ನು ತರಲೇಬೇಡಿ, ಅಲ್ಲಿ ನಿಷೇಧ.

ಇನ್ನೊಂದು. ಇಬ್ಬರು ಗೆಳೆಯರ ಕಥೆ ಹೇಳಿ ನಿನ್ನನ್ನು ಮಲಗಿಸುತ್ತಿದ್ದೆ, ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತ ಹಾಗೆ ಮಲಗಿದ ಅಂತ. ಚಿನ್ನುಗೂ ಅದನ್ನೇ ಹೇಳಿದ್ದೇನೆ. ಅದನ್ನು ತಿದ್ದು. ಬ್ಲ್ಯಾಕ್ ಬೇರ್ ನಮಗಿಂತ ಚೆನ್ನಾಗಿ ಮರ ಹತ್ತುತ್ತದೆ. ಅದು ಮೈಮೇಲೆ ಬಿದ್ದರೆ ಮಲಗಬಾರದು, ಕೈಗೆ ಸಿಕ್ಕಿದ್ದರಲ್ಲಿ ಮೂತಿಗೆ ಹೊಡೆಯಬೇಕು. ಸತ್ತ ಹಾಗೆ ಮಲಗುವುದು ಬೆಚ್ಚಿದ ಗ್ರಿಜ್ಲಿ ಕೆಡವಿದಾಗ ಮಾತ್ರ. ಬೋರಲು ಮಲಗಿ, ಬೆನ್ನಿನ ಬ್ಯಾಗ್ ಬಿಚ್ಚದೆ, ಕತ್ತಿನ ಹಿಂದೆ ಎರಡೂ ಕೈ ಹೆಣೆದುಕೊಂಡು, ಅದು ದೂರ ಹೋಗುವ ತನಕ ಅಲುಗಾಡದೆ. ಆದರೆ ರಾತ್ರಿ ಟೆಂಟಿನೊಳಗೇ ನುಗ್ಗಿದ ಕರಡಿ ಯಾವುದೇ ಆಗಲಿ, ಹೋರಾಡಲೇಬೇಕು. ಬರೆಯುವಾಗ ನನ್ನ ಕೈ ನಡುಗುತ್ತಿದೆ. ಯೊಸೆಮಿಟಿಯಲ್ಲಿ ಬ್ಲ್ಯಾಕ್ ಬೇರ್‌ನಿಂದ ಇಲ್ಲಿಯವರೆಗೆ ಯಾರೂ ಸತ್ತಿಲ್ಲ ಅಂತ ನಿಮ್ಮಪ್ಪ ಪಕ್ಕದಿಂದ ಹೇಳುತ್ತಿದ್ದಾರೆ. ಗೊತ್ತು. ಆದರೂ ನಿನಗೆ ಗೊತ್ತಿರಲಿ.

ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಾಗ ಹುಲ್ಲುಗಾವಲಿನ ಆಚೆ ಕಂದು ಕರಡಿಯೊಂದು ಕೊಳೆತ ದಿಮ್ಮಿ ಮಗುಚಿ ಇರುವೆ ನೆಕ್ಕುತ್ತಿತ್ತು. ಚಿನ್ನು ಉಸಿರು ಬಿಗಿಹಿಡಿದು ನನ್ನ ಸೆರಗು ಹಿಡಿದಿದ್ದಳು. ನಿನಗೆ ದರೋಜಿಯಲ್ಲಿ ಕಂಡದ್ದು ಅವಳಿಗೆ ಅಲ್ಲಿ ಕಂಡಿತು. ಬೆಲ್ಲ ಇಲ್ಲದೆ.

ಚಟ್ನಿಪುಡಿ ಕಳಿಸುತ್ತಿದ್ದೇನೆ, ಈ ಸಲ ಬಿಗಿ ಮುಚ್ಚಳದ ಸಣ್ಣ ಡಬ್ಬಿಗಳಲ್ಲಿ, ಲಾಕರಿನ ಮೂಲೆಗೆ ಹಿಡಿಸುವ ಹಾಗೆ. ಶೇಂಗಾ ಉಂಡೆಯೂ ಇದೆ. ಅದನ್ನು ಮನೆಯಲ್ಲೇ ತಿಂದು ಮುಗಿಸಿ ಹೊರಡಿ. ಲಾಕರ್ ಚಿಲಕ ಹಾಕುವ ಕೆಲಸ ಚಿನ್ನುಗೆ ಕೊಡು, ಅವಳಿಗೆ ಅದು ಇಷ್ಟ. ಟಕ್ ಅಂತ ಸದ್ದು ಬಂತಾ ಅಂತ ಅವಳನ್ನೇ ಕೇಳು. ಆಮೇಲೆ ಎಲ್ಲರ ಚೀಲ, ಜೇಬು ನೀನೇ ನೋಡು. ನಿಮ್ಮತ್ತೆಯವರು ಬಂದಿದ್ದರೆ ಅವರದ್ದನ್ನೂ ಸಂಕೋಚ ಇಲ್ಲದೆ ಕೇಳು.

ನಿನ್ನ
ಅಮ್ಮ